ಕಾಲಿಗೆ ತಕ್ಕ ಆಟ: ಸೈಯದ್ ಅಬ್ದುಲ್ ರಹೀಂ ಬಿಟ್ಟುಹೋದ ಪಾಠ

ಫುಟ್ಬಾಲ್ ಇರುವ ಊರಲ್ಲೆಲ್ಲ ಒಂದು ವಾದ ಇದ್ದೇ ಇರುತ್ತದೆ. ತಂಡ ಸೋತಾಗ ಕೆಲವರು, "ಕೋಚ್ ಒಳ್ಳೆಯವನೇ, ಅವನ ಆಟಕ್ಕೆ ಬೇಕಾದ ಹುಡುಗರು ಇಲ್ಲ" ಎನ್ನುತ್ತಾರೆ. ಇನ್ನು ಕೆಲವರು, "ಹುಡುಗರು ಒಳ್ಳೆಯವರೇ, ಅವರಿಗೆ ಒಗ್ಗದ ಆಟವನ್ನು ಅವರ ಮೇಲೆ ಹೇರಲಾಗಿದೆ" ಎನ್ನುತ್ತಾರೆ. ಯುರೋಪಿನ ಕ್ಲಬ್ಬುಗಳ ಬಗ್ಗೆ ನಮ್ಮ ಹುಡುಗರು ರಾತ್ರಿಯಿಡೀ ನಡೆಸುವ ಚರ್ಚೆಯೂ ಇದೇ. ಅಲ್ಲಿ ಈ ಸಮಸ್ಯೆಗೆ ಪರಿಹಾರ ದುಡ್ಡು. ಒಗ್ಗದವನನ್ನು ಮಾರಿ ಒಗ್ಗುವವನನ್ನು ಕೊಂಡು ತಂದರಾಯಿತು. ಆದರೆ ಕೊಳ್ಳುವ ಶಕ್ತಿಯಿಲ್ಲದ ಕಡೆ, ಇದ್ದವರಲ್ಲೇ ತಂಡ ಕಟ್ಟಬೇಕಾದ ಕಡೆ ಕೋಚ್ ಏನು ಮಾಡಬೇಕು? ಆಟಗಾರರನ್ನು ತನ್ನ ಪದ್ಧತಿಗೆ ಬಗ್ಗಿಸಬೇಕೇ, ಪದ್ಧತಿಯನ್ನೇ ಆಟಗಾರರಿಗೆ ತಕ್ಕಂತೆ ಕತ್ತರಿಸಿ ಹೊಲಿಯಬೇಕೇ?

ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಬ್ಬರು ಉತ್ತರ ಕೊಟ್ಟು ಹೋಗಿದ್ದಾರೆ. ಅವರು ಹೈದರಾಬಾದಿನ ಶಾಲಾ ಮಾಸ್ತರರು, ಸೈಯದ್ ಅಬ್ದುಲ್ ರಹೀಂ. ಶಿಷ್ಯರ ಬಾಯಲ್ಲಿ ರಹೀಂ ಸಾಹೇಬರು. 2024ರಲ್ಲಿ 'ಮೈದಾನ್' ಎಂಬ ಹಿಂದಿ ಚಿತ್ರ ಬಂದಮೇಲೆ ಅವರ ಹೆಸರು ಹಲವರಿಗೆ ತಿಳಿಯಿತು. ಸಿನಿಮಾಕ್ಕೆ ಬೇಕಾದದ್ದು ಕಣ್ಣೀರು ಮತ್ತು ಚಪ್ಪಾಳೆ. ಚರಿತ್ರೆಗೆ ಬೇಕಾದದ್ದು ಅವರು ಕೆಲಸ ಮಾಡಿದ ಬಗೆ. ನಾವಿಲ್ಲಿ ಆ ಬಗೆಯನ್ನಷ್ಟೇ ನೋಡೋಣ.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಡುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿನ ತಂಡದಲ್ಲಿ ಆಡಿದರು. ಕಾಚಿಗುಡದ ಶಾಲೆಯಲ್ಲಿ ಅಧ್ಯಾಪಕರಾದರು. ಮುಂದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಪ್ರೌಢಶಾಲೆಗಳಲ್ಲಿ ಆಟೋಟದ ಹೊಣೆ ಹೊತ್ತರು. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರು. ಈ ಎರಡು ಹೊಣೆಗಳನ್ನೂ ಅವರು ಬಿಟ್ಟದ್ದು ಜೀವ ಬಿಟ್ಟಾಗಲೇ.

ಆ ಕಾಲದ ಹೈದರಾಬಾದನ್ನೂ ನೆನೆಯಬೇಕು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಆ ನಾಡಿನ ಮುಸ್ಲಿಮರ ಬದುಕು ಕದಡಿಹೋಗಿತ್ತು. ಆಗ ಹೈದರಾಬಾದ್ ರಾಜ್ಯದಲ್ಲೇ ಇದ್ದ ನಮ್ಮ ಗುಲ್ಬರ್ಗ, ಬೀದರ್, ರಾಯಚೂರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಊರಿನ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಬೆರಗಾಗಿ ನೋಡಿದವು.

ಈ ಗೆಲುವಿನ ನಡುವೆಯೇ ಒಂದು ಭೀಕರ ಸೋಲು ಬಂತು. ಅದನ್ನು ಮರೆಮಾಚಿದರೆ ರಹೀಂ ಅವರ ಕಥೆ ಅರ್ಥವಾಗುವುದಿಲ್ಲ.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಂ ತರಬೇತಿಯ ಭಾರತ, ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15ರಂದು ಯುಗೋಸ್ಲಾವಿಯದ ಎದುರು ಭಾರತ 10-1ರಿಂದ ಸೋತಿತು. ಕೋಚ್ ಇದೇ ರಹೀಂ. ಆಟಗಾರರೇನು ಕೆಟ್ಟವರೇ? ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿದ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬಿನಲ್ಲಿ ಆಡಿ ಪಳಗಿದವರು ಅವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವ'ರಲ್ಲಿ ಒಬ್ಬರು. ಚೆಂಡು ಅವರ ಬರಿಗಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು ಎಂದು ಕಂಡವರು ಹೇಳುತ್ತಿದ್ದರು. ಅಂಥವರಿದ್ದ ತಂಡ ಹತ್ತು ಗೋಲು ತಿಂದದ್ದು ಹೇಗೆ?

ಉತ್ತರ ಮೈದಾನದಲ್ಲಿತ್ತು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡುತ್ತಿದ್ದರು. ಬಂಗಾಳದ ಒಣ ನೆಲದಲ್ಲಿ ಬರಿಗಾಲು ವರ. ಫಿನ್ಲೆಂಡಿನ ತಣ್ಣನೆಯ ಜಾರು ಹುಲ್ಲಿನ ಮೇಲೆ ಅದೇ ಶಾಪ. ನಮ್ಮದು ಇಬ್ಬರು ಬ್ಯಾಕ್‌ಗಳ ಹಳೆಯ ಪದ್ಧತಿ, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ದಾಟಿಸುವ ಆಟ. ಎದುರಿನವರು ಚೆಂಡನ್ನು ಕ್ಷಣವೂ ನಿಲ್ಲಿಸದೆ ಒಬ್ಬರಿಂದೊಬ್ಬರಿಗೆ ಸಾಗಿಸುತ್ತ ಖಾಲಿ ಜಾಗಕ್ಕೆ ಓಡುತ್ತಿದ್ದರು. ಇನ್ನೊಂದು ಸಂಗತಿಯೂ ಇದೆ. ನಮ್ಮ ದೇಶದೊಳಗಿನ ಪಂದ್ಯಗಳು 70 ನಿಮಿಷದವು, ಒಲಿಂಪಿಕ್ಸ್ ಪಂದ್ಯ 90 ನಿಮಿಷದ್ದು. ಆಟಗಾರರಲ್ಲಿ ಕಲೆಯಿತ್ತು. ಅವರಿಗೆ ಗೊತ್ತಿದ್ದ ಆಟಕ್ಕೂ ಅಲ್ಲಿ ಆಡಬೇಕಿದ್ದ ಆಟಕ್ಕೂ ಹೊಂದಾಣಿಕೆಯೇ ಇರಲಿಲ್ಲ.

ಇಂಥ ಸೋಲಿನ ನಂತರ ಎರಡು ಸುಲಭದ ದಾರಿಗಳಿರುತ್ತವೆ. ಒಂದು, ಆಟಗಾರರನ್ನು ಬೈಯುವುದು. ಇನ್ನೊಂದು, ವಿದೇಶಿ ಪದ್ಧತಿಯೊಂದನ್ನು ತಂದು ಹಾಗೆಯೇ ಅವರ ಮೇಲೆ ಹೊರಿಸುವುದು. ಆಡಳಿತದವರು ಬೂಟು ಕಡ್ಡಾಯ ಮಾಡಿದರು, ಅದು ಸರಿಯಾದ ತೀರ್ಮಾನ. ಆದರೆ ಬೂಟು ತೊಟ್ಟ ಮಾತ್ರಕ್ಕೆ ಆಟ ಬದಲಾಗುವುದಿಲ್ಲ. ಬುದ್ಧಿ ಬದಲಾಗಬೇಕು, ಅಭ್ಯಾಸ ಬದಲಾಗಬೇಕು. ಅದಕ್ಕೆ ವರ್ಷಗಳು ಬೇಕು. ಆ ವರ್ಷಗಳು ರಹೀಂ ಅವರಿಗೆ ಸಿಕ್ಕಿದ್ದು ಹೈದರಾಬಾದಿನಲ್ಲಿ.

ಅಲ್ಲಿ ಅವರು ಮಾಡಿದ ಕೆಲಸ ಮಾಸ್ತರರು ಮಾತ್ರ ಮಾಡಬಲ್ಲ ಕೆಲಸ. ಹುಡುಗರಿಗಾಗಿ ವಿಚಿತ್ರ ನಿಯಮಗಳ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಒಂದರಲ್ಲಿ ಡ್ರಿಬ್ಲಿಂಗ್ ನಿಷೇಧ, ಚೆಂಡು ಬಂದೊಡನೆ ಇನ್ನೊಬ್ಬನಿಗೆ ದಾಟಿಸಬೇಕು. ಮತ್ತೊಂದರಲ್ಲಿ ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ ಮಾತ್ರ ಚೆಂಡು ಒದೆಯಬೇಕು. ಇಂತಿಷ್ಟೇ ಎತ್ತರದೊಳಗಿನ ಹುಡುಗರಿಗೆಂದೇ ಪಂದ್ಯಾವಳಿಗಳಿದ್ದವು. ಕುಳ್ಳ ಹುಡುಗ ಗಟ್ಟಿಮುಟ್ಟಾದವನ ತಳ್ಳಾಟಕ್ಕೆ ಸಿಕ್ಕಿ ಮೂಲೆ ಸೇರಬಾರದು ಎಂಬುದು ಅದರ ಲಾಭ. ಭಾಷಣ ಮಾಡಿ ಹೊಸ ಆಟ ಕಲಿಸುವ ಬದಲು, ಹೊಸ ಆಟವಲ್ಲದೆ ಬೇರೆ ದಾರಿಯೇ ಇಲ್ಲದಂತೆ ನಿಯಮ ಮಾಡಿದರು. ಹುಡುಗರು ಆಡುತ್ತ ಆಡುತ್ತ ಕಲಿತುಬಿಟ್ಟರು.

ಸಿಕಂದರಾಬಾದಿನ ಅಮ್ಮುಗುಡದ ತುಳಸೀದಾಸ್ ಬಲರಾಂ ಇಂಥ ಹುಡುಗರಲ್ಲಿ ಒಬ್ಬರು. ಬಡತನದಿಂದಾಗಿ ಅಭ್ಯಾಸಕ್ಕೆ ಬರಲು ಆಗದಿದ್ದಾಗ, ಬಾಡಿಗೆ ಸೈಕಲ್ಲಿಗೆಂದು ರಹೀಂ ಸಾಹೇಬರು ದಿನಕ್ಕೆ ಒಂದು ರೂಪಾಯಿ ಕೊಡುತ್ತಿದ್ದರೆಂದು ಬಲರಾಂ ಹಿರಿವಯಸ್ಸಿನಲ್ಲಿ ನೆನೆದಿದ್ದಾರೆ. ಪದ್ಧತಿಗೆ ತಕ್ಕ ಆಟಗಾರ ಸಿಗಲಿಲ್ಲ ಎಂದು ಕೊರಗುವವರು ಈ ಒಂದು ರೂಪಾಯಿಯನ್ನು ನೆನಪಿಡಬೇಕು. ಕೆಲವೊಮ್ಮೆ ಆಟಗಾರ ಸಿಗುವುದಿಲ್ಲ, ಅವನನ್ನು ಕರೆತರಬೇಕಾಗುತ್ತದೆ.

ಇದರ ಫಲ ಕಂಡದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಭಾಷಾವಾರು ರಾಜ್ಯಗಳು ಹುಟ್ಟಿ ತಿಂಗಳಾಗಿತ್ತಷ್ಟೆ. ಭಾರತ ಈಗ ಬೂಟು ತೊಟ್ಟು, ಮೂವರು ಬ್ಯಾಕ್‌ಗಳನ್ನಿಟ್ಟು ಆಡಿತು. ಹಿಂದೆ ಅಜೀಜುದ್ದೀನ್, ರಹಮಾನ್, ಲತೀಫ್. ಅವರ ಮುಂದೆ ಹಾಫ್ ಬ್ಯಾಕ್‌ಗಳಾಗಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಮತ್ತು ಹೈದರಾಬಾದ್ ಪೊಲೀಸ್ ತಂಡದ ನೂರ್ ಮೊಹಮ್ಮದ್. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೋಸ್ಲಾವಿಯ. ಮೊದಲು ಗೋಲು ಹೊಡೆದದ್ದು ಭಾರತ, ಕೊನೆಗೆ 4-1ರಿಂದ ಸೋತಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ನಮಗೆ ನಾಲ್ಕನೆಯ ಸ್ಥಾನ.

ಇದನ್ನು ಉಬ್ಬಿಸಿ ಹೇಳಬೇಕಾಗಿಲ್ಲ. ಹಂಗೇರಿ ಬಾರದೆ ಹೋದದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತ್ತು. ಗೆದ್ದದ್ದು ಒಂದೇ ಪಂದ್ಯ. ಆದರೂ ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಕೊಟ್ಟ ತಂಡದ ಎದುರು ಸೆಮಿಫೈನಲ್ ಆಡಿದ್ದು ಸಣ್ಣ ದೂರವಲ್ಲ. ಕೋಚ್ ಅದೇ, ದೇಶ ಅದೇ. ಬದಲಾದದ್ದು ಆಟಕ್ಕೂ ಆಟಗಾರರಿಗೂ ನಡುವಿನ ಸಂಬಂಧ.

ಇಷ್ಟು ಕೇಳಿದರೆ ರಹೀಂ ಎಂದರೆ ಆಟಗಾರರನ್ನು ತನ್ನ ಅಚ್ಚಿಗೆ ಹೊಯ್ದವರು ಎನಿಸಬಹುದು. ಹೈದರಾಬಾದಿನ ಮಟ್ಟಿಗೆ ಅದು ನಿಜ. ಆದರೆ ರಾಷ್ಟ್ರೀಯ ತಂಡದ ಕೋಚ್‌ಗೆ ಸಿಗುವುದು ವರ್ಷಗಳಲ್ಲ, ಕೆಲವು ವಾರಗಳು. ಬಂಗಾಳದವರು, ಪಂಜಾಬಿನವರು, ಮದ್ರಾಸಿನವರು ತಮ್ಮ ತಮ್ಮ ಅಭ್ಯಾಸಗಳನ್ನು ಹೊತ್ತು ಬರುತ್ತಾರೆ. ಅಲ್ಲಿ ರಹೀಂ ತಮ್ಮ ಆಟವನ್ನೇ ಬಂದವರಿಗೆ ತಕ್ಕಂತೆ ಮಾಡಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ಅವರು ಮೈದಾನದಲ್ಲಿ ಪಾಲಿಸಿದರು. ಅದರ ಅತ್ಯುತ್ತಮ ನಿದರ್ಶನ 1962ರ ಜಕಾರ್ತ.

ಆ ಏಷ್ಯನ್ ಕ್ರೀಡಾಕೂಟ ಆರಂಭವಾದದ್ದೇ ದಕ್ಷಿಣ ಕೊರಿಯದ ಎದುರು 2-0 ಸೋಲಿನಿಂದ. ಮುಂದೆ ಥಾಯ್ಲೆಂಡನ್ನು 4-1, ಜಪಾನನ್ನು 2-0ರಿಂದ ಸೋಲಿಸಿದರು. ಆದರೆ ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಬಂಡೆಯಂತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಹಿಂದಿನ ಸಾಲಿನಲ್ಲಿ ನಿಂತರೆ ಪಂದ್ಯವಿಡೀ ಹಾರಿಬರುವ ಚೆಂಡುಗಳನ್ನು ತಲೆಯಿಂದಲೇ ತಡೆಯಬೇಕು. ಬೇರೆಯವರಾಗಿದ್ದರೆ ಅವರನ್ನು ಕೈಬಿಡುತ್ತಿದ್ದರು. ರಹೀಂ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಇದು ಜೂಜಲ್ಲ. ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂದಿನ ಸಾಲಿನಲ್ಲೇ ಆಡಿದ್ದವರು. ಆಟಗಾರನ ಇಂದಿನ ಜಾಗವಷ್ಟೇ ಅಲ್ಲ, ಅವನು ನಡೆದುಬಂದ ದಾರಿಯೂ ಕೋಚ್‌ಗೆ ಗೊತ್ತಿರಬೇಕು.

ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2 ಗೆಲುವು. ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದರು. ಸೆಪ್ಟೆಂಬರ್ 4ರಂದು ಫೈನಲ್, ಎದುರಿಗೆ ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಜಕಾರ್ತದ ಜನ ಸಿಟ್ಟಾಗಿದ್ದರು. ಇಡೀ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿತ್ತು. ಆ ಗದ್ದಲದ ನಡುವೆ ಪಾಕಿಸ್ತಾನದ ಹಾಕಿ ಆಟಗಾರರು ನಮ್ಮವರನ್ನು ಹುರಿದುಂಬಿಸಿದ್ದನ್ನು ನಮ್ಮ ಆಟಗಾರರು ಕೊನೆಯವರೆಗೂ ನೆನೆಯುತ್ತಿದ್ದರು. ಮೊದಲ ಇಪ್ಪತ್ತು ನಿಮಿಷಗಳಲ್ಲೇ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಗೋಲು ಹೊಡೆದರು. ಕೊರಿಯ ಕೊನೆಯಲ್ಲಿ ಒಂದನ್ನು ಹಿಂತಿರುಗಿಸಿತು. 2-1. ಚಿನ್ನ.

ಆ ತಂಡವನ್ನೊಮ್ಮೆ ನೋಡಿ. ಅಂಚಿನಲ್ಲಿ ಪಿ.ಕೆ. ಅವರ ವೇಗ ಮತ್ತು ಬಲವಾದ ಒದೆತ. ಚುನಿಯವರ ಮಾಯದ ಕಾಲು. ಬಲರಾಂ ಅವರ ಲೆಕ್ಕಾಚಾರ. ಅಗತ್ಯ ಬಿದ್ದಂತೆ ಹಿಂದೆ ಮುಂದೆ ಓಡುವ ಹೈದರಾಬಾದಿನ ಯೂಸುಫ್ ಖಾನ್. ಒಬ್ಬರಂತೆ ಒಬ್ಬರಿಲ್ಲ. ಡ್ರಿಬ್ಲಿಂಗ್ ನಿಷೇಧಿಸಿ ಪಂದ್ಯಾವಳಿ ನಡೆಸಿದ ರಹೀಂ, ಚುನಿಯವರ ಡ್ರಿಬ್ಲಿಂಗ್ ಅನ್ನು ನಿಷೇಧಿಸಲಿಲ್ಲ. ಹುಡುಗನಿಗೆ ಕಲಿಸುವಾಗ ನಿಯಮ, ಕಲಿತವನನ್ನು ಆಡಿಸುವಾಗ ಸ್ವಾತಂತ್ರ್ಯ. ಕಥೆ ಬರೆಯುವ ನಮಗೂ ಈ ಸೂಕ್ಷ್ಮ ಗೊತ್ತಿರಬೇಕಾದದ್ದೇ. ಕಥಾವಸ್ತುವಿಗಾಗಿ ಪಾತ್ರದ ಕತ್ತು ಹಿಸುಕಿದರೆ ಕಥೆ ಉಳಿಯುವುದಿಲ್ಲ. ಪಾತ್ರ ಮನಬಂದಂತೆ ಅಲೆದರೂ ಉಳಿಯುವುದಿಲ್ಲ.

ಹೊಂದಾಣಿಕೆಯೆಂದರೆ ಮುಲಾಜಲ್ಲ ಎಂಬುದಕ್ಕೂ ಸಾಕ್ಷಿಯಿದೆ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ರಹೀಂ ಅವರ ಮಗ ಎಸ್.ಎಸ್. ಹಕೀಂ ಇದ್ದರು. ಭಾರತ ಹಂಗೇರಿಗೆ 2-1ರಿಂದ ಸೋತಿತು, ಫ್ರಾನ್ಸ್ ಜೊತೆ 1-1 ಸಮ ಮಾಡಿಕೊಂಡಿತು, ಪೆರುವಿಗೆ 3-1ರಿಂದ ಸೋತಿತು. ಮೂರರಲ್ಲಿ ಒಂದರಲ್ಲೂ ಮಗನಿಗೆ ಆಡುವ ಅವಕಾಶ ಸಿಗಲಿಲ್ಲ. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತ ಕಾಣಿಸಿಕೊಂಡದ್ದು ಅದೇ ಕೊನೆ.

ಜಕಾರ್ತದ ಹೊತ್ತಿಗೆ ರಹೀಂ ಅವರ ದೇಹವನ್ನು ಕ್ಯಾನ್ಸರ್ ಹಿಡಿದಿತ್ತು. 1963ರ ಜೂನ್ 11ರಂದು ಅವರು ತೀರಿಕೊಂಡರು. ಆಗ ವಯಸ್ಸು 53. ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಅಲ್ಲಿಂದೀಚೆಗೆ ಭಾರತಕ್ಕೆ ಬಂದಿಲ್ಲ.

ಅವರ ನಂತರ ಎಷ್ಟೋ ಕೋಚ್‌ಗಳು ಬಂದರು. ಹಲವರು ವಿದೇಶದವರು, ಸಮರ್ಥರು. ಪ್ರತಿಯೊಬ್ಬರೂ ಒಂದು ಪದ್ಧತಿ ತಂದರು. ಪ್ರತಿಸಲವೂ ಹಳೆಯ ಜಗಳ ಎದ್ದಿತು: ಪದ್ಧತಿ ಸರಿಯಿಲ್ಲವೋ, ಹುಡುಗರು ಸರಿಯಿಲ್ಲವೋ? ನಮ್ಮ ದೃಷ್ಟಿಯಲ್ಲಿ ಪ್ರಶ್ನೆಯೇ ಅರ್ಧದ್ದು. ರಹೀಂ ಅವರಿಗೆ ಎರಡು ಮೈದಾನಗಳಿದ್ದವು. ಒಂದರಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗರು ಮುಂದಿನ ಕಾಲದ ಆಟ ಕಲಿಯುತ್ತಿದ್ದರು. ಇನ್ನೊಂದರಲ್ಲಿ ಇಂದಿನ ಆಟಗಾರರಿಗೆ ಇಂದು ಒಪ್ಪುವ ಆಟ ಹೊಲಿಯಲಾಗುತ್ತಿತ್ತು. ಮೊದಲನೆಯದು ಎರಡನೆಯದಕ್ಕೆ ಜನರನ್ನು ಕೊಡುತ್ತಿತ್ತು, ಎರಡನೆಯದು ಮೊದಲನೆಯದಕ್ಕೆ ಗುರಿ ತೋರಿಸುತ್ತಿತ್ತು. ಅವರು ಹೋದಮೇಲೆ ದೇಶ ಎರಡನೆಯ ಮೈದಾನಕ್ಕೆ ಕೋಚ್‌ಗಳನ್ನು ಹುಡುಕುತ್ತಲೇ ಬಂತು, ಮೊದಲನೆಯದನ್ನು ಪಾಳು ಬಿಟ್ಟಿತು.

ಅಹಮದ್ ಖಾನ್‌ರಂಥವರನ್ನು, ಕೆಂಪಯ್ಯನವರಂಥವರನ್ನು ಕೊಟ್ಟದ್ದು ಬೆಂಗಳೂರು ದಂಡಿನ ಬಡಾವಣೆಗಳ, ಹೈದರಾಬಾದಿನ ಗಲ್ಲಿಗಳ, ಕಲ್ಕತ್ತೆಯ ಓಣಿಗಳ ಸಣ್ಣ ಬಯಲುಗಳು. ಅಂಥ ಬಯಲುಗಳೆಲ್ಲ ಒಂದೊಂದಾಗಿ ಕಟ್ಟಡಗಳಾಗುತ್ತಿವೆ. ಉಳಿದಿರುವ ಕಡೆ ಚೆಂಡು ಒದೆಯುವ ಹುಡುಗನಿಗೆ ಇಂದು ಬೇಕಿರುವುದು ದೊಡ್ಡ ಪದ್ಧತಿಯಲ್ಲ. ಅವನು ಯಾವ ಕಾಲಲ್ಲಿ ಒದೆಯುತ್ತಾನೆ ಎಂದು ಗಮನಿಸುವ ಒಬ್ಬ ಮಾಸ್ತರರು, ಮತ್ತು ಮೈದಾನಕ್ಕೆ ಬರಲು ಬಾಡಿಗೆ ಸೈಕಲ್ಲಿನ ದುಡ್ಡು.