ಲಾರಿ ಚಾಲಕರ ಬದುಕು: ಹೊಸಪೇಟೆ–ಸಂಡೂರು ಪ್ರದೇಶ

ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿ ತಾಲ್ಲೂಕುಗಳು ಕರ್ನಾಟಕದಲ್ಲಿ ಸರಕು ಲಾರಿಗಳ ಓಡಾಟ ಹೆಚ್ಚಾಗಿರುವ ಭಾಗಗಳಲ್ಲಿ ಸೇರಿವೆ. ಸಂಡೂರಿನ ಗುಡ್ಡಗಳ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು, ತುಂಗಭದ್ರಾ ನೀರಾವರಿಯ ಭತ್ತ, ಕಬ್ಬು, ಬಾಳೆ, ತೋರಣಗಲ್ಲಿನ ಉಕ್ಕು ಇಲ್ಲಿನ ಮುಖ್ಯ ಸರಕುಗಳು. ಇವುಗಳನ್ನು ದೂರದ ಬಂದರು, ಕಾರ್ಖಾನೆ, ಮಾರುಕಟ್ಟೆಗಳಿಗೆ ಮುಟ್ಟಿಸುವ ಚಾಲಕರ ಬದುಕು 1950ರ ದಶಕದಿಂದ ಈಚೆಗೆ ಹಲವು ಸಲ ಮಗ್ಗುಲು ಬದಲಿಸಿದೆ. ವಾಹನ ಸುಧಾರಿಸಿತು, ರಸ್ತೆ ಅಗಲವಾಯಿತು, ತಪಾಸಣೆಯ ಕ್ರಮ ಬೇರೆಯಾಯಿತು. ಟ್ರಿಪ್ ಲೆಕ್ಕದ ಕೂಲಿ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಚಾಲಕರ ದಣಿವು, ನಿದ್ದೆಗೇಡು, ಅಪಘಾತಗಳ ಹಿಂದೆ ಈ ಕೂಲಿ ಪದ್ಧತಿಯ ಪಾಲು ದೊಡ್ಡದು.

ಹಾದಿಗಳು

ಹೊಸಪೇಟೆ ಎರಡು ಹೆದ್ದಾರಿಗಳು ಕೂಡುವ ಊರು. ಚಿತ್ರದುರ್ಗದಿಂದ ಕುಷ್ಟಗಿ, ವಿಜಯಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಮತ್ತು ಹುಬ್ಬಳ್ಳಿ, ಗದಗ, ಕೊಪ್ಪಳದಿಂದ ಬಂದು ಬಳ್ಳಾರಿ, ಗುತ್ತಿಯ ಕಡೆಗೆ ಸಾಗುವ ಹೆದ್ದಾರಿ 67 ಇಲ್ಲಿ ಸಂಧಿಸುತ್ತವೆ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಡುವ ಮೊದಲು ಇವು 13 ಮತ್ತು 63 ಆಗಿದ್ದವು. ಅಂಕೋಲಾದಿಂದ ಗುತ್ತಿಯವರೆಗಿದ್ದ ಹಳೆಯ 63, ಪಶ್ಚಿಮ ಕರಾವಳಿಯನ್ನೂ ಆಂಧ್ರದ ಬಯಲನ್ನೂ ಒಂದೇ ದಾರಿಯಲ್ಲಿ ಕೂಡಿಸಿತ್ತು. ಯಲ್ಲಾಪುರ ದಾಟಿದ ಮೇಲೆ ಸಿಗುವ ಅರೆಬೈಲು ಘಾಟ್ ಈ ದಾರಿಯ ಕಠಿಣ ಭಾಗ.

1950ರಿಂದ 1990ರ ದಶಕದವರೆಗೆ

ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನ 1949ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದರ ಮರುವರ್ಷ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಸ್ಥಾಪನೆಯಾಯಿತು. ಅದೇ 1954ರಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜತೆ ಕೂಡಿ ಭಾರತದಲ್ಲಿ ಲಾರಿ ತಯಾರಿಸತೊಡಗಿತು. ಟಾಟಾ ಮತ್ತು ಲೇಲ್ಯಾಂಡ್ ಲಾರಿಗಳು ಈ ಭಾಗದ ಹಾದಿಯಲ್ಲಿ ಬಹುಕಾಲ ಓಡಿದವು. 1977ರಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿಯಾದ ಎನ್‌ಎಂಡಿಸಿಯ ದೋಣಿಮಲೈ ಗಣಿ ಶುರುವಾಯಿತು. ಅದಿರಿನ ದೊಡ್ಡ ಪಾಲು ರೈಲಿನಲ್ಲೇ ಸಾಗುತ್ತಿತ್ತು. ಗುಡ್ಡದಿಂದ ರೈಲ್ವೆ ಸೈಡಿಂಗ್‌ವರೆಗಿನ ಸಾಗಣೆ ಲಾರಿಯದು. ದೂರದ ಬಾಡಿಗೆಗಳಲ್ಲಿ ಅಕ್ಕಿ, ಬೆಲ್ಲ, ಬಾಳೆಕಾಯಿಯಂಥ ಸರಕು ಹೆಚ್ಚು.

ಈ ಕಾಲದಲ್ಲಿ ಚಾಲಕ ಆಗುವ ದಾರಿ ಕ್ಲೀನರ್ ಕೆಲಸದಿಂದ ಆರಂಭ. ಹುಡುಗ ಮೊದಲು ಲಾರಿ ತೊಳೆಯುವುದು, ಗಾಳಿ ನೋಡುವುದು, ತಾಡಪಾಲು ಬಿಗಿಯುವುದು ಕಲಿಯುತ್ತಿದ್ದ. ಘಾಟಿನಲ್ಲಿ ಲಾರಿ ನಿಂತರೆ ಜಿಗಿದು ಗಾಲಿಗೆ ಕಲ್ಲು ಕೊಡುವುದು ಅವನ ಕೆಲಸ. ರಾತ್ರಿ ಡ್ರೈವರ್‌ಗೆ ತೂಕಡಿಕೆ ಬರದಂತೆ ಮಾತಾಡಿಸುತ್ತಲೇ ಇರಬೇಕಿತ್ತು. ವರ್ಷಗಳ ಮೇಲೆ ಖಾಲಿ ಗಾಡಿಯ ಸ್ಟಿಯರಿಂಗ್ ಕೈಗೆ ಬರುತ್ತಿತ್ತು. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ತಿರುವು ಎಂದರೆ ಭುಜ, ಬೆನ್ನುಗಳ ಕಸುವೇ. ಇಂಜಿನ್ನಿನ ಕಾವು ನೇರ ಕಾಲಿಗೆ ಬಡಿಯುತ್ತಿತ್ತು. ಗಾಡಿ ಕೆಟ್ಟರೆ ಮೆಕ್ಯಾನಿಕ್ ಬರುವ ತನಕ ರಸ್ತೆ ಬದಿಯಲ್ಲೇ ಅಡುಗೆ, ಅಲ್ಲೇ ನಿದ್ದೆ. ಮನೆಗೆ ಸುದ್ದಿ ಮುಟ್ಟುತ್ತಿದ್ದುದು ಟ್ರಾನ್ಸ್‌ಪೋರ್ಟ್ ಆಫೀಸಿನ ಫೋನಿನಿಂದ ಅಥವಾ ಎದುರಿನಿಂದ ಬರುವ ಊರಿನ ಲಾರಿಯವರ ಬಾಯಿಂದ.

ಗಡಿ ದಾಟುವುದೇ ಒಂದು ಕೆಲಸವಾಗಿತ್ತು. 1975ರಲ್ಲಿ ಬಂದ ರಾಷ್ಟ್ರೀಯ ಪರ್ಮಿಟ್ ಯೋಜನೆ ಹಲವು ರಾಜ್ಯಗಳಲ್ಲಿ ಓಡುವ ಹಾದಿಯನ್ನು ಸುಲಭಗೊಳಿಸಿತು. ಕರ್ನಾಟಕದಲ್ಲಿ 1979ರಲ್ಲಿ, ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯಾದ ಆಕ್ಟ್ರಾಯ್ ರದ್ದಾಗಿ ಊರ ಬಾಗಿಲ ನಾಕಾಗಳು ಹೋದವು. ಆದರೂ ರಾಜ್ಯದ ಗಡಿಗಳಲ್ಲಿ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳ ಸಾಲು ಉಳಿಯಿತು.

ಅದಿರಿನ ಭರಾಟೆ

2003ರ ಸುಮಾರಿಗೆ ಚೀನಾದಿಂದ ಕಬ್ಬಿಣದ ಅದಿರಿಗೆ ಭಾರೀ ಬೇಡಿಕೆ ಬಂತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನಿನ ವರ್ಷಗಳಲ್ಲಿ ಬೆಲೆ ಏರುತ್ತಲೇ ಹೋಯಿತು. ರೈಲು ಸಾಲದೆ ಅದಿರು ರಸ್ತೆಗೆ ಇಳಿಯಿತು. ಬೇಲೇಕೇರಿ, ಕಾರವಾರ, ಮಂಗಳೂರು, ಗೋವಾ, ಪೂರ್ವದಲ್ಲಿ ಚೆನ್ನೈ, ಕೃಷ್ಣಪಟ್ನಂ ಬಂದರುಗಳ ಕಡೆಗೆ ಹಗಲಿರುಳು ಲಾರಿಗಳು ಹೊರಟವು. ಈ ಭಾಗದ ಎಷ್ಟೋ ರೈತರು ಜಮೀನಿನ ಮೇಲೆ ಸಾಲ ಎತ್ತಿ ಹತ್ತು ಗಾಲಿಯ ಲಾರಿ, ಟಿಪ್ಪರ್ ಕೊಂಡರು. ಬೇಸಾಯದ ಮನೆಯ ಹುಡುಗರು ಡ್ರೈವರ್‌ಗಳಾದರು. ನೆರೆರಾಜ್ಯಗಳ ಚಾಲಕರೂ ಬಂದು ನೆಲೆ ನಿಂತರು.

ದುಡಿಮೆ ಕೈತುಂಬ ಇತ್ತು, ಆದರೆ ಅದು ಟ್ರಿಪ್ಪಿಗೆ ಕಟ್ಟಿದ ದುಡಿಮೆ. ಸುಮಾರು 300 ಕಿ.ಮೀ. ದೂರದ ಬೇಲೇಕೇರಿಗೆ ಎಷ್ಟು ಬೇಗ ಹೋಗಿ ಬಂದರೆ ಅಷ್ಟು ಲಾಭ, ಎಷ್ಟು ಹೆಚ್ಚು ಟನ್ ಹೇರಿದರೆ ಅಷ್ಟು ಬಾಡಿಗೆ. ಆಗಿನ ಕಾನೂನಿನಂತೆ ಮೂರು ಆಕ್ಸಲ್‌ನ ಲಾರಿಯ ಒಟ್ಟು ತೂಕ 25 ಟನ್ ಮೀರಬಾರದು. ಈ ಮಿತಿ ದಾಟಿದ ಹೇರು ಸಾಮಾನ್ಯವಾಗಿತ್ತು. ಮುಂದೆ 2011ರಲ್ಲಿ ಬಂದ ಲೋಕಾಯುಕ್ತ ವರದಿ ಇದನ್ನು ವಿವರವಾಗಿ ದಾಖಲಿಸಿದೆ. ಅಂಥ ಗಾಡಿಯನ್ನು ಅರೆಬೈಲಿನಲ್ಲಿ ಇಳಿಸುವಾಗ ಚಾಲಕ ಕೆಳ ಗೇರಿನಲ್ಲಿ ಇಂಜಿನ್ ಹಿಡಿತದ ಮೇಲೆಯೇ ನಂಬಿಕೆ ಇಡಬೇಕು. ಬ್ರೇಕನ್ನೇ ತುಳಿಯುತ್ತ ಇಳಿದರೆ ಲೈನರ್ ಕಾದು ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ಅಪಾಯ ಇನ್ನೂ ಹೆಚ್ಚು.

ಹೊಸಪೇಟೆ–ತೋರಣಗಲ್ಲು ದಾರಿಯಲ್ಲೂ ಸಂಡೂರಿನ ಒಳರಸ್ತೆಗಳಲ್ಲೂ ಕೆಂಪು ಧೂಳು ಮರ, ಮನೆ, ಬೆಳೆಗಳ ಮೇಲೆಲ್ಲ ಕೂತಿತು. ಹಗಲಲ್ಲೇ ದೀಪ ಹಚ್ಚಿಕೊಂಡು ಓಡಿಸಬೇಕಾಗುತ್ತಿತ್ತು. ರಸ್ತೆ ಕಿತ್ತುಹೋಗಿ ಹೆದ್ದಾರಿಯಲ್ಲಿ ಲಾರಿಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಬಂದರಿನಲ್ಲಿ ಖಾಲಿ ಮಾಡಲು ಸರದಿ ಕಾಯುವ ಹೊತ್ತಿಗೆ ಪ್ರತ್ಯೇಕ ಕೂಲಿ ಇರಲಿಲ್ಲ.

ನಿಷೇಧ ಮತ್ತು ಆನಂತರ

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆಯಿತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಂತಿಮ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಎರಡೇ ದಿನಗಳಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ವಿಚಾರಣೆ ನಡೆಸುತ್ತಿದ್ದ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗುಡ್ಡ, ಕಾಡು, ನೀರಿನ ದೃಷ್ಟಿಯಿಂದ ಈ ಆದೇಶ ಅಗತ್ಯವಾಗಿತ್ತು. ಆದರೆ ಅದರ ಮೊದಲ ಪೆಟ್ಟು ಬಿದ್ದದ್ದು ಅಕ್ರಮದ ಲಾಭ ಉಂಡವರಲ್ಲದ ಚಾಲಕರು ಮತ್ತು ಒಂದೆರಡು ಲಾರಿಯ ಸಣ್ಣ ಮಾಲೀಕರ ಮೇಲೆ. ಲಾರಿಗಳು ಸಾಲುಸಾಲಾಗಿ ನಿಂತವು. ಕಂತು ಕಟ್ಟಲಾಗದ ಗಾಡಿಗಳನ್ನು ಫೈನಾನ್ಸಿನವರು ಎಳೆದೊಯ್ದರು. ಚಾಲಕರಲ್ಲಿ ಕೆಲವರು ಬೇರೆ ರಾಜ್ಯಗಳ ಬಾಡಿಗೆಗೆ, ಕೆಲವರು ಮತ್ತೆ ಹೊಲಕ್ಕೆ ಹೋದರು.

ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ 18ರ ತೀರ್ಪು, ಅಕ್ರಮದ ಪ್ರಮಾಣದಂತೆ ಗಣಿಗಳನ್ನು ಮೂರು ವರ್ಗ ಮಾಡಿದ್ದನ್ನು ಒಪ್ಪಿ, ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ 51 ಗುತ್ತಿಗೆಗಳನ್ನು ರದ್ದುಪಡಿಸಿತು. ಬಳ್ಳಾರಿಯ ಉತ್ಪಾದನೆಗೆ ವರ್ಷಕ್ಕೆ 25 ದಶಲಕ್ಷ ಟನ್‌ಗಳ ಮಿತಿ ಬಂತು. ನಂತರದ ವರ್ಷಗಳಲ್ಲಿ ಅದು ಏರಿತು. ಇ-ಹರಾಜು, ಕಂಪ್ಯೂಟರ್ ಪರ್ಮಿಟ್, ವೇಬ್ರಿಡ್ಜ್ ತೂಕ, ಜಿಪಿಎಸ್ ಕಡ್ಡಾಯವಾದವು. ಹೇರು ಮಿತಿಗೆ ಬಂದದ್ದು ಚಾಲಕನ ಜೀವಕ್ಕೆ ನೇರವಾಗಿ ಆದ ಒಳಿತು. ಜತೆಗೆ ಜಿಂದಾಲ್ ಕಂಪನಿ ಸಂಡೂರಿನ ಗಣಿ ಭಾಗದಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಹಾಕಿದ ಮೇಲೆ, ಧೂಳಿನ ಜತೆಗೆ ಹತ್ತಿರದ ಬಾಡಿಗೆಗಳೂ ಕಡಿಮೆಯಾದವು.

ಹಂಪಿ ಮತ್ತು ಕಂಪ್ಲಿ

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯನ್ನು, ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಆನೆಗೊಂದಿ ಸೇತುವೆ ಮೊದಲಾದ ಕಾಮಗಾರಿಗಳ ಕಾರಣಕ್ಕೆ ಯುನೆಸ್ಕೊ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಇಟ್ಟಿತ್ತು. ಭಾರೀ ವಾಹನಗಳು ಸ್ಮಾರಕಗಳ ನಡುವೆ ಹಾಯುತ್ತವೆ ಎಂಬುದು ಆತಂಕಗಳಲ್ಲಿ ಒಂದು. ಆ ಸೇತುವೆ 2009ರ ಜನವರಿ 22ರಂದು ನಿರ್ಮಾಣ ಹಂತದಲ್ಲೇ ಕುಸಿಯಿತು. ಹೀಗಾಗಿ ನದಿಯಾಚೆಯ ಗಂಗಾವತಿ ಕಡೆಯ ಲಾರಿಗಳಿಗೆ ಕಂಪ್ಲಿ ಸೇತುವೆ ಮುಖ್ಯ ದಾರಿಯಾಗಿ ಉಳಿಯಿತು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗುತ್ತದೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಕಡೆಯಿಂದ ಸುತ್ತಿ ಬರಬೇಕು. ಭತ್ತ ತಡೆಯಬಹುದು, ಬಾಳೆ ತಡೆಯದು. ಗೊನೆ ಹಣ್ಣಾಗುವ ಮೊದಲು ಮಂಡಿ ಸೇರಿಸಬೇಕಾದ ಚಾಲಕನಿಗೆ ಸುತ್ತುದಾರಿಯ ಪ್ರತಿ ಗಂಟೆಯೂ ಬಾಡಿಗೆಯ ಪ್ರಶ್ನೆ.

ರಸ್ತೆ, ವಾಹನ, ನಿಗಾ

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಮುಚ್ಚಿದವು. 2018ರಲ್ಲಿ ಮೂರು ಆಕ್ಸಲ್ ಲಾರಿಯ ತೂಕದ ಮಿತಿ 28.5 ಟನ್‌ಗೆ ಏರಿತು. 2021ರ ಫೆಬ್ರುವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರೀ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಇರಲೇಬೇಕು. ಬಳ್ಳಾರಿ ಸೀಮೆಯ ಬೇಸಿಗೆ ಬಲ್ಲವರಿಗೆ ಇದರ ಬೆಲೆ ಗೊತ್ತು.

ಜತೆಗೆ ಬಂದ ಜಿಪಿಎಸ್, ಮೊಬೈಲ್ ಸೌಕರ್ಯಗಳು ಚಾಲಕನ ಮೇಲಿನ ಕಣ್ಣನ್ನೂ ಹೆಚ್ಚಿಸಿದವು. ಗಾಡಿ ಎಲ್ಲಿ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಎಂಬುದು ಮಾಲೀಕರ ಮೊಬೈಲಿನಲ್ಲೇ ಕಾಣುತ್ತದೆ. ಹಿಂದೆ ದಾರಿಯ ನಿರ್ಧಾರ ಚಾಲಕನದು. ಈಗ ನಿಲ್ಲುವುದಕ್ಕೂ ಕಾರಣ ಹೇಳಬೇಕು. ಕ್ಲೀನರ್‌ನ ಸಂಬಳ ಉಳಿಸಲು ಅನೇಕ ಲಾರಿಗಳು ಒಬ್ಬನೇ ಚಾಲಕನ ಮೇಲೆ ಓಡುತ್ತಿವೆ. ಇದರಿಂದ ಕಸುಬು ಕಲಿಸುತ್ತಿದ್ದ ಹಳೆಯ ದಾರಿಯೂ ಮುಚ್ಚುತ್ತ ಬಂದಿದೆ.

ಕೆಲಸದ ಹೊತ್ತು ಮತ್ತು ಕಾನೂನು

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಕೆಲಸ ನಿಗದಿಪಡಿಸಿತು. ದೂರದ ಹಾದಿಗೆ ಅನುಮತಿ ಪಡೆದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ಮೀರುವಂತಿರಲಿಲ್ಲ. ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿಯ ಮಾಲೀಕರೇ ತುಂಬಿರುವ ಈ ಉದ್ಯಮದಲ್ಲಿ ಬಹುಪಾಲು ಚಾಲಕರು ಅದರ ಹೊರಗೇ ಉಳಿದರು. ಟ್ರಿಪ್ ಲೆಕ್ಕದ ಕೂಲಿ ಮತ್ತು ಬತ್ತಾ ಉಳಿದಿರುವ ತನಕ, ನಿದ್ದೆಗೆ ನಿಲ್ಲಿಸಿದ ಗಂಟೆ ಚಾಲಕನ ಜೇಬಿನಿಂದಲೇ ಹೋಗುತ್ತದೆ.

2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಚಾಲಕರು ಗಾಡಿ ನಿಲ್ಲಿಸಿದರು. ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣವಾಗಿ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 106(2) ಕಲಮಿನ ವಿರುದ್ಧ ಆ ಪ್ರತಿಭಟನೆ. ನಿಂತರೆ ಜನ ಹೊಡೆಯುತ್ತಾರೆ, ಹೋದರೆ ಜೈಲು ಎಂಬುದು ಅವರ ಅಳಲು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಕಲಮನ್ನು ತಡೆಹಿಡಿಯಲಾಯಿತು. ಅದೇ ವರ್ಷ ಕರ್ನಾಟಕವು ಚಾಲಕರು, ಕ್ಲೀನರ್‌ಗಳು, ಗ್ಯಾರೇಜ್ ಕೆಲಸಗಾರರಿಗಾಗಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು.

ಆರೋಗ್ಯ ಮತ್ತು ಮನೆ

ಬೆನ್ನುನೋವು, ಮೂಲವ್ಯಾಧಿ, ಹೊಟ್ಟೆಯ ತೊಂದರೆ, ಕಣ್ಣಿನ ಆಯಾಸ ಈ ಕಸುಬಿನ ಬೆನ್ನು ಬಿಡದ ಬಾಧೆಗಳು. ಅದಿರಿನ ಹಾದಿಯಲ್ಲಿ ಅವಕ್ಕೆ ಧೂಳಿನ ಕೆಮ್ಮೂ ಸೇರಿತು. 1990ರ ದಶಕದಿಂದ ಎಚ್‌ಐವಿ ತಡೆಯ ಕಾರ್ಯಕ್ರಮಗಳು ಹೆದ್ದಾರಿಯ ಢಾಬಾಗಳಿಗೂ ಲಾರಿ ನಿಲ್ದಾಣಗಳಿಗೂ ಬಂದು, ಚಾಲಕರಿಗೆ ತಪಾಸಣೆ ಮತ್ತು ಔಷಧ ಒದಗಿಸಿದವು. ಮನೆಯಲ್ಲಿ ಮಕ್ಕಳ ಶಾಲೆ, ಸಾಲದ ಕಂತು, ಹಿರಿಯರ ಆರೈಕೆ ಹೆಂಡತಿಯ ಪಾಲಿಗೆ. ಮೊಬೈಲ್ ಬಂದದ್ದು ಈ ಕುಟುಂಬಗಳಿಗೆ ದೊಡ್ಡ ನೆಮ್ಮದಿ ತಂದಿತು. ಆಯುಧಪೂಜೆಗೆ ಲಾರಿ ತೊಳೆದು, ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಡುವ ದಿನ ಎಷ್ಟೇ ದೂರವಿದ್ದರೂ ಊರು ಸೇರಲು ಚಾಲಕರು ಹವಣಿಸುತ್ತಾರೆ.

ಸದ್ಯದ ಸ್ಥಿತಿ

ಡ್ರೈವರ್‌ಗಳು ಸಿಗುತ್ತಿಲ್ಲ ಎಂಬುದು ಇಂದು ಲಾರಿ ಮಾಲೀಕರ ಸಾಮಾನ್ಯ ದೂರು. ಭಾರೀ ವಾಹನದ ಪರವಾನಗಿಗೆ ಇದ್ದ ಎಂಟನೇ ತರಗತಿಯ ಅರ್ಹತೆಯನ್ನು 2019ರಲ್ಲಿ ತೆಗೆದರೂ ಯುವಕರು ಕಾರ್ಖಾನೆಯ ಪಾಳಿ ಕೆಲಸವನ್ನೇ ಮೇಲೆನ್ನುತ್ತಾರೆ. ಅಲ್ಲಿ ಗಂಟೆಗೆ ಲೆಕ್ಕ ಇದೆ, ವಾರದ ರಜೆ ಇದೆ. ಹೆದ್ದಾರಿಯ ಮೇಲೆ ಸುರಕ್ಷಿತ ಲಾರಿ ನಿಲ್ದಾಣ, ಶೌಚಾಲಯ, ಸ್ನಾನದ ಮನೆ, ಕಾಯುವ ಹೊತ್ತಿಗೂ ಕೂಲಿ ದೊರೆತರೆ ಮಾತ್ರ ಈ ಕಸುಬಿಗೆ ಮುಂದಿನ ತಲೆಮಾರು ಬರಲು ಸಾಧ್ಯ.