ಮೀಯಲು ತಕ್ಕ ಕಡಲು

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ನಳ 'ಎಮ್ಮ' ೧೮೧೫ರ ಕೊನೆಗೆ ಪ್ರಕಟವಾಯಿತು. ಅದರಲ್ಲಿ ಒಂದು ಮನೆಮಾತಿನ ಜಗಳವಿದೆ. ಲಂಡನ್ನಿನಲ್ಲಿ ಸಂಸಾರ ಹೂಡಿರುವ ಹಿರಿಯ ಮಗಳು ಗಂಡನೊಡನೆ, ಮಕ್ಕಳೊಡನೆ ತವರಿಗೆ ಬಂದಿದ್ದಾಳೆ. ಕೆಲವು ತಿಂಗಳ ಹಿಂದೆ ಅವರೆಲ್ಲ ಸೌತ್‌ಎಂಡ್ ಎಂಬ ಕಡಲೂರಿಗೆ ಹೋಗಿದ್ದರು. ಕಿರಿಯ ಮಗಳೊಬ್ಬಳ ಗಂಟಲಿಗೆ ಕಡಲ ಗಾಳಿಯೂ ಕಡಲ ಸ್ನಾನವೂ ಒಳ್ಳೆಯದೆಂದು ಅವರ ವೈದ್ಯ ಹೇಳಿದ್ದ. ಮುದುಕ ತಂದೆಗೆ ಇದು ಹಿಡಿಸದು. ಸೌತ್‌ಎಂಡ್ ಆರೋಗ್ಯದ ಸ್ಥಳವಲ್ಲ, ಹೋಗಲೇಬೇಕಾಗಿದ್ದರೆ ಕ್ರೋಮರಿಗೆ ಹೋಗಬೇಕಿತ್ತು, ನಮ್ಮೂರ ವೈದ್ಯರ ಅಭಿಪ್ರಾಯವೂ ಅದೇ ಎಂದು ಆತ ಗೊಣಗುತ್ತಾನೆ. ಅಲ್ಲಿಯ ಕೆಸರಿನಿಂದ ನಮಗೇನೂ ತೊಂದರೆಯಾಗಲಿಲ್ಲವಪ್ಪ ಎಂದು ಮಗಳು ಸಮಾಧಾನ ಹೇಳುತ್ತಾಳೆ. ಅಳಿಯನಿಗೆ ರೇಗುತ್ತದೆ. ಹೆಂಡತಿಯನ್ನೂ ಐದು ಮಕ್ಕಳನ್ನೂ ೪೦ ಮೈಲಿ ಸಾಗಿಸುವ ಖರ್ಚಿನಲ್ಲಿಯೇ ೧೩೦ ಮೈಲಿ ಸಾಗಿಸುವ ಉಪಾಯವನ್ನು ಆ ವೈದ್ಯರು ತಿಳಿಸಿದರೆ ನಾನೂ ಕ್ರೋಮರಿಗೇ ಹೋಗುವೆನೆಂದು ಚುಚ್ಚುತ್ತಾನೆ.

ವೈದ್ಯನ ಮಾತು, ದಂಡೆಯ ಕೆಸರು, ದಾರಿಯ ಖರ್ಚು. ಇಂಗ್ಲೆಂಡಿನ ಜನ ರಜಕ್ಕೆ ಯಾವ ಕಡಲ ದಂಡೆಗೆ ಹೋಗಬೇಕೆಂದು ನಿರ್ಧರಿಸಿದ ಚರಿತ್ರೆಯೆಲ್ಲ ಈ ಮೂರರ ಸುತ್ತ ನಡೆದಿದೆ.

ಇಂಗ್ಲೆಂಡಿನ ಯಾವ ಊರೂ ಕಡಲಿನಿಂದ ಸುಮಾರು ೭೦ ಮೈಲಿಗಿಂತ ದೂರವಿಲ್ಲ. ಆದುದರಿಂದ ಕಡಲ ತಡಿಯಲ್ಲಿ ರಜ ಕಳೆಯುವುದು ಅಲ್ಲಿಯ ಜನರ ಹುಟ್ಟುಗುಣವೆಂದು ನಮಗೆ ತೋರುವುದು ಸಹಜ. ನಿಜವಾಗಿ ಈ ಅಭ್ಯಾಸಕ್ಕೆ ಮುನ್ನೂರು ವರ್ಷ ತುಂಬಿಲ್ಲ. ಅದಕ್ಕೆ ಮೊದಲು ಕಡಲೆಂದರೆ ಮೀನು, ಹಡಗು, ಶತ್ರುಭಯ, ಬಿರುಗಾಳಿ. ೧೭೦೩ ಮತ್ತು ೧೭೦೫ರ ಬಿರುಗಾಳಿಗಳು ಬ್ರೈಟನ್ನಿನ ಕೆಳದಂಡೆಯಲ್ಲಿದ್ದ ಬೆಸ್ತರ ಮನೆಗಳನ್ನು ನೆಲಸಮ ಮಾಡಿದ್ದವು. ಅಂಥ ಕಡಲಿನಲ್ಲಿ ಆಟವಾಡಬಹುದೆಂದು ಯಾರಿಗೂ ತೋರಲಿಲ್ಲ. ನಮ್ಮ ಕವಿಗಳೂ ಹಾಗೆಯೇ ಅಲ್ಲವೆ? ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಉಂಟು, ಜಲಕ್ರೀಡೆಯೂ ಉಂಟು. ಆದರೆ ಜಲಕ್ರೀಡೆಗೆಂದು ಅವರು ನಾಯಕನಾಯಿಕೆಯರನ್ನು ಕರೆದೊಯ್ಯುವುದು ಸಾಮಾನ್ಯವಾಗಿ ಕೊಳಕ್ಕೋ ಹೊಳೆಗೋ ಹೊರತು ಕಡಲಿಗಲ್ಲ.

ಇಂಗ್ಲಿಷರನ್ನು ಕಡಲಿಗಿಳಿಸಿದವರು ವೈದ್ಯರು. ಯಾರ್ಕ್‌ಷೈರಿನ ಸ್ಕಾರ್ಬರೊದಲ್ಲಿ ೧೭ನೆಯ ಶತಮಾನದ ಮೊದಲ ಭಾಗದಲ್ಲಿ ದಂಡೆಯ ಪಕ್ಕದಲ್ಲಿಯೇ ಖನಿಜಜಲದ ಒಂದು ಊಟೆ ಕಂಡಿತು. ಅದನ್ನು ಕುಡಿಯಲು ರೋಗಿಗಳು ಬರತೊಡಗಿದರು. ೧೬೬೦ರ ದಶಕದಲ್ಲಿ ರಾಬರ್ಟ್ ವಿಟ್ಟಿ ಎಂಬ ವೈದ್ಯ, ಊಟೆಯ ನೀರಿನ ಜೊತೆಗೆ ಎದುರಿಗಿರುವ ಕಡಲ ಸ್ನಾನವೂ ಹಿತವೆಂದು ಬರೆದ. ಆದರೆ ಕಡಲನ್ನೇ ಔಷಧಾಲಯ ಮಾಡಿದ ಕೀರ್ತಿ ರಿಚರ್ಡ್ ರಸಲ್ಲನದು. ಲೂಯಿಸ್ ಎಂಬ ಊರಿನಲ್ಲಿ ವೃತ್ತಿ ನಡೆಸುತ್ತಿದ್ದ ಈತ ೧೭೫೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಬರೆದು, ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರು ಮದ್ದೆಂದು ಸಾರಿದ. ಮೀಯುವುದಷ್ಟೇ ಸಾಲದು, ಕುಡಿಯಲೂ ಬೇಕು! ಬೇಗನೆ ಅದರ ಇಂಗ್ಲಿಷ್ ರೂಪವೂ ಹೊರಬಂದು, ರೋಗಿಗಳು ಸಾಲುಗಟ್ಟಿದರು. ರಸಲ್ ೧೭೫೩ರಲ್ಲಿ ಬ್ರೈಟನ್ನಿನ ದಂಡೆಯಲ್ಲಿಯೇ ದೊಡ್ಡ ಮನೆ ಕಟ್ಟಿಸಿದ.

ತಕ್ಕ ದಂಡೆ ಯಾವುದೆಂಬುದಕ್ಕೆ ಲಕ್ಷಣ ಹೇಳಿದವನೂ ಈತನೇ. ದಂಡೆ ಚೊಕ್ಕಟವಾಗಿರಬೇಕು, ನದಿ ಕಡಲಿಗೆ ಸೇರುವ ಬಾಯಿಯಿಂದ ದೂರವಿರಬೇಕು, ಇಲ್ಲದಿದ್ದರೆ ನೀರಿನ ಉಪ್ಪು ಸಪ್ಪೆಯಾಗುತ್ತದೆ, ಸ್ನಾನದ ಬಂಡಿ ಇಳಿಯಲು ನೆಲ ಸಮತಟ್ಟಾಗಿರಬೇಕು. ಮೊದಲನೆಯ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಥೇಮ್ಸ್ ನದಿಯ ಬಾಯಿಯಲ್ಲಿರುವ ಸೌತ್‌ಎಂಡನ್ನು 'ಎಮ್ಮ'ದ ಮುದುಕ ಹಳಿದುದರ ಹಿಂದೆ ಈ ಕಾಲದ ವೈದ್ಯಶಾಸ್ತ್ರವಿತ್ತು.

ಸ್ನಾನದ ಬಂಡಿಯೆಂದರೆ ಚಕ್ರಗಳ ಮೇಲೆ ನಿಲ್ಲಿಸಿದ ಮರದ ಗೂಡು. ಕುದುರೆ ಅದನ್ನು ನೀರಿಗೆ ಎಳೆದೊಯ್ಯುವುದು. ಒಳಗೆ ಬಟ್ಟೆ ಬದಲಾಯಿಸಿದ ರೋಗಿ ಇನ್ನೊಂದು ಬಾಗಿಲಿನಿಂದ ಮೆಟ್ಟಿಲಿಳಿದರೆ ನೇರವಾಗಿ ಕಡಲು. ಮಾರ್ಗೇಟಿನ ಬೆಂಜಮಿನ್ ಬೀಲ್ ಎಂಬಾತ ಇದಕ್ಕೆ ಕೊಡೆಯಂಥ ಬಟ್ಟೆಯ ಮರೆಯನ್ನೂ ಜೋಡಿಸಿ ಮಾನಿನಿಯರ ಸಂಕೋಚ ಕಳೆದ. ನೀರಿನಲ್ಲಿ ಕಾದುನಿಂತ ಗಟ್ಟಿಮುಟ್ಟಾದ ಹೆಂಗಸರು ರೋಗಿಯನ್ನು ಹಿಡಿದು ಅದ್ದಿ ತೆಗೆಯುತ್ತಿದ್ದರು. ಬ್ರೈಟನ್ನಿನ ಮಾರ್ತಾ ಗನ್ ಈ ಕಸುಬಿನಲ್ಲಿ ಬಹುಕಾಲ ದುಡಿದು ೧೮೧೫ರಲ್ಲಿ ತೀರಿಕೊಂಡಳು. ರಾಜಕುಮಾರನಿಗೂ ಆಕೆ ಪರಿಚಿತಳು. ನೀರು ತಣ್ಣಗಿದ್ದಷ್ಟೂ ಗುಣ ಹೆಚ್ಚೆಂಬ ನಂಬಿಕೆಯಿಂದ ಚಳಿಗಾಲದ ಮುಂಜಾನೆಯಲ್ಲಿಯೂ ಈ ಅಭಿಷೇಕ ನಡೆಯುತ್ತಿತ್ತು. ಉಲ್ಲಾಸಯಾತ್ರೆಯ ಗಂಧವೂ ಇದರಲ್ಲಿರಲಿಲ್ಲ.

ಉಲ್ಲಾಸ ಬಂದುದು ಅರಸುಮನೆಯ ಹಿಂದೆ. ಮೂರನೆಯ ಜಾರ್ಜ್ ಎಂದೊಡನೆ ನಮ್ಮ ಹುಡುಗರು ಅಮೆರಿಕವನ್ನು ಕಳೆದುಕೊಂಡವನೆಂದು ಒಪ್ಪಿಸುತ್ತಾರೆ. ಆತನಿಗೆ ೧೭೮೮ರಲ್ಲಿ ಬುದ್ಧಿಭ್ರಮಣೆಯಾಗಿ, ಮರುವರ್ಷ ತಿಳಿಯಾಯಿತು. ಚೇತರಿಸಿಕೊಳ್ಳಲು ವೇಮತ್ ಎಂಬ ಕಡಲೂರಿಗೆ ಕರೆತಂದರು. ಅರಸ ನೀರಿನಲ್ಲಿ ಮುಳುಗಿದೊಡನೆ ಪಕ್ಕದ ಬಂಡಿಯಲ್ಲಿ ಅಡಗಿದ್ದ ವಾದ್ಯಗಾರರು ರಾಜಗೀತೆ ನುಡಿಸಿದರಂತೆ! ಮಗನ ದಾರಿ ಬೇರೆ. ೧೭೮೩ರಲ್ಲಿ ಬ್ರೈಟನ್ನಿಗೆ ಮೊದಲ ಬಾರಿ ಬಂದ ಯುವರಾಜನಿಗೆ ಸ್ನಾನಕ್ಕಿಂತ ಜೂಜು, ಔತಣ, ಗೆಳತಿಯರು ಪ್ರಿಯರಾದರು. ವಾಸ್ತುಶಿಲ್ಪಿ ಜಾನ್ ನ್ಯಾಶ್ ೧೮೧೫ರಿಂದ ೧೮೨೨ರವರೆಗೆ ಅಲ್ಲಿ ಆತನಿಗೆ ಹೊಸದಾಗಿ ಕಟ್ಟಿಕೊಟ್ಟ ಅರಮನೆಯ ಗುಮ್ಮಟಗಳು, ಜಾಲಂದರಗಳು ಹಿಂದೂಸ್ಥಾನದ ಮಾದರಿಯವು.

ಆ ಗುಮ್ಮಟಗಳ ಊರಿನಲ್ಲಿಯೇ ನಮ್ಮ ದೇಶದವನೊಬ್ಬನೂ ಹೆಸರು ಮಾಡಿದ. ಪಾಟ್ನಾದಲ್ಲಿ ೧೭೫೯ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಕಂಪೆನಿ ಸೈನ್ಯದೊಡನೆ ಅಲೆದು, ಐರ್ಲೆಂಡಿನಲ್ಲಿ ನೆಲಸಿ, ಇಂಗ್ಲಿಷಿನಲ್ಲಿ ಗ್ರಂಥ ಬರೆದು, ಕೊನೆಗೆ ಬ್ರೈಟನ್ ಸೇರಿದ. ತಣ್ಣನೆಯ ಕಡಲಿಗೆ ಅಂಜುವವರಿಗಾಗಿ ಆತ ಮೂಲಿಕೆಗಳ ಹಬೆಸ್ನಾನ ಏರ್ಪಡಿಸಿದ. ಹಬೆಯಲ್ಲಿ ಮೆತ್ತಗಾದ ಮೈಯನ್ನು ಒತ್ತಿ ತಿಕ್ಕಿ ನೋವು ಕಳೆಯುತ್ತಿದ್ದ. ಒತ್ತು ಎಂಬರ್ಥದ ಹಿಂದಿಯ 'ಚಾಂಪೋ' ಶಬ್ದವೇ ಇಂಗ್ಲಿಷಿನ 'ಶಾಂಪೂ'. ಇಂದು ತಲೆಗೂದಲಿಗೆ ಹಚ್ಚುವ ದ್ರವಕ್ಕೆ ಇಳಿದಿರುವ ಈ ಮಾತು ಆಗ ಮೈಯೊತ್ತುವ ಚಿಕಿತ್ಸೆಯ ಹೆಸರು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಇಬ್ಬರು ಅರಸರಿಗೂ ಮಹಮ್ಮದ್ ಶಾಂಪೂ ವೈದ್ಯನಾಗಿದ್ದ. ಬ್ರೈಟನ್ನಿನಲ್ಲಿಯೇ ೧೮೫೧ರಲ್ಲಿ ತೀರಿಕೊಂಡ.

ವೈದ್ಯರ ಮಾತಿಗೆ ಜನ ಕೊಟ್ಟ ಬೆಲೆ ಎಷ್ಟೆಂದು ತಿಳಿಯಲು ಸ್ಕಾರ್ಬರೊದ ಒಂದು ಸಮಾಧಿಯನ್ನು ನೋಡಬೇಕು. ಕಾದಂಬರಿಕಾರ್ತಿ ಆನ್ ಬ್ರಾಂಟೆಗೆ ಕ್ಷಯ. ಒಂದೇ ವರ್ಷದೊಳಗೆ ಅಣ್ಣನನ್ನೂ ಅಕ್ಕನನ್ನೂ ಕಳೆದುಕೊಂಡ ಮನೆ ಅದು. ಕಡಲ ಗಾಳಿಯಿಂದ ಗುಣವಾಗಬಹುದೆಂಬುದು ಆಗಿನ ವೈದ್ಯರ ಸಾಮಾನ್ಯ ಮತ. ಹಿಂದೆ ಶ್ರೀಮಂತರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಆ ಸಂಸಾರದೊಡನೆ ಸ್ಕಾರ್ಬರೊವನ್ನು ಕಂಡಿದ್ದ ಆಕೆ ಅದನ್ನೇ ಆರಿಸಿಕೊಂಡಳು. ಉಯಿಲಿನಿಂದ ಬಂದ ಸ್ವಲ್ಪ ಹಣ ಪ್ರಯಾಣಕ್ಕೆ ಒದಗಿತು. ಅಕ್ಕ ಷಾರ್ಲಟ್ ಮತ್ತು ಒಬ್ಬ ಗೆಳತಿಯೊಡನೆ ೧೮೪೯ರ ಮೇ ೨೫ರಂದು ತಲಪಿದಳು, ೨೮ರಂದು ತೀರಿಕೊಂಡಳು. ವಯಸ್ಸು ೨೯. ಕಲ್ಲಿನ ಮೇಲೆ ತಪ್ಪಾಗಿ ೨೮ ಎಂದು ಕೆತ್ತಿದ್ದಾರೆ. ಮೂರು ದಿನದ ಕಡಲು! ಆ ರೋಗಕ್ಕೆ ಯಾವ ದಂಡೆಯೂ ಮದ್ದಾಗಿರಲಿಲ್ಲವೆಂಬುದು ತಿಳಿಯಲು ಇನ್ನೂ ಬಹಳ ಕಾಲ ಹಿಡಿಯಿತು. ಪೈನ್ ಮರಗಳ ಬೋರ್ನ್‌ಮತ್, ಚಳಿಗಾಲದಲ್ಲಿಯೂ ಬೆಚ್ಚಗಿರುವ ಟಾರ್ಕಿ ಮುಂತಾದ ಊರುಗಳು ಬೆಳೆದುದರಲ್ಲಿ ಇಂಥ ರೋಗಿಗಳ ಆಸೆಯ ಪಾಲು ದೊಡ್ಡದು.

ಅಷ್ಟರಲ್ಲಿ ದಾರಿಯ ಪ್ರಶ್ನೆಯನ್ನು ರೈಲು ಬಿಡಿಸತೊಡಗಿತ್ತು. ಲಂಡನ್ನಿನಿಂದ ಬ್ರೈಟನ್ನಿಗೆ ೧೮೪೧ರಲ್ಲಿ ರೈಲು ಬಂತು. ಕುದುರೆಗಾಡಿಯಲ್ಲಿ ಐದಾರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಎರಡು ಗಂಟೆಯ ಆಸುಪಾಸಿಗೆ ಇಳಿಯಿತು. ಗುಮಾಸ್ತರು, ಅಂಗಡಿ ಕೆಲಸದವರು ಬೆಳಿಗ್ಗೆ ಹೋಗಿ ಸಂಜೆಗೆ ಮರಳುವುದು ಸಾಧ್ಯವಾಯಿತು. ಜನಜಂಗುಳಿಯನ್ನು ಸಹಿಸದ ವಿಕ್ಟೋರಿಯಾ ರಾಣಿ ವೈಟ್ ದ್ವೀಪದಲ್ಲಿ ಏಕಾಂತದ ಮನೆ ಕೊಂಡಳು. ಬ್ರೈಟನ್ನಿನ ಅರಮನೆಯನ್ನು ೧೮೫೦ರಲ್ಲಿ ಊರಿನವರೇ ಖರೀದಿಸಿದರು. ದಂಡೆ ತಕ್ಕದ್ದೋ ಅಲ್ಲವೋ ಎಂಬ ಮಾತಿಗೆ ಇಲ್ಲಿಂದ ಮುಂದೆ ಇನ್ನೊಂದು ಅರ್ಥ ಸೇರಿತು: ಪಕ್ಕದಲ್ಲಿ ಯಾರು ಕುಳಿತಿರುತ್ತಾರೆ? ಈಸ್ಟ್‌ಬೋರ್ನಿನ ಭೂಮಾಲಿಕನಾದ ಡೆವನ್‌ಷೈರಿನ ಡ್ಯೂಕ್ ಮರ್ಯಾದಸ್ಥರಿಗೆಂದೇ ಊರನ್ನು ಯೋಜಿಸಿ, ಕಡಲಿಗೆ ಮುಖಮಾಡಿದ ಬೀದಿಯಲ್ಲಿ ಅಂಗಡಿಗಳಿಗೆ ಎಡೆಗೊಡಲಿಲ್ಲ.

ಅಂಗಡಿಗೂ ಗದ್ದಲಕ್ಕೂ ಹೆದರದ ಊರು ಬ್ಲ್ಯಾಕ್‌ಪೂಲ್. ನನಗೆ ಇಡೀ ಕಥೆಯಲ್ಲಿ ಮೆಚ್ಚುಗೆಯಾದ ಭಾಗ ಇದು. ಲ್ಯಾಂಕಷೈರಿನ ಹತ್ತಿಗಿರಣಿಯ ಊರುಗಳಲ್ಲಿ ವರ್ಷಕ್ಕೊಮ್ಮೆ ಹಳೆಯ ದೇವಾಲಯದ ಜಾತ್ರೆಯ ಹೆಸರಿನಲ್ಲಿ ಗಿರಣಿಗಳು ಮುಚ್ಚುತ್ತಿದ್ದವು. ಒಡೆಯರಿಗೆ ಬಾಯ್ಲರು ತೊಳೆಸಲು ಬಿಡುವು; ಆಳುಗಳಿಗೆ ಕೂಲಿಯಿಲ್ಲದ ರಜ. ಆ ರಜಕ್ಕೆಂದು ವರ್ಷವಿಡೀ ವಾರಕ್ಕಿಷ್ಟೆಂದು ಸಂಘ ಕಟ್ಟಿ ಕೂಡಿಡುತ್ತಿದ್ದರು. ಇಂದು ಒಂದೂರಿನ ಸರದಿ, ಮುಂದಿನ ವಾರ ಇನ್ನೊಂದೂರಿನದು. ಹೀಗೆ ಬೇಸಗೆಯುದ್ದಕ್ಕೂ ಊರಿಗೂರೇ ರೈಲು ಹತ್ತಿ ಕಡಲಿಗೆ ಬರುತ್ತಿತ್ತು. ಆ ರೈಲು ೧೮೪೬ರಲ್ಲಿ ಬ್ಲ್ಯಾಕ್‌ಪೂಲನ್ನು ಮುಟ್ಟಿತ್ತು. ಬೀದಿಯ ನೆರೆಯವರೇ ದಂಡೆಯಲ್ಲಿಯೂ ನೆರೆಯವರು! ಬಾಡಿಗೆ ಕೋಣೆಗಳಲ್ಲಿ ತಂಗಿ, ದಿನಸಿಯನ್ನು ತಾವೇ ತಂದು ಮನೆಯೊಡತಿಯಿಂದ ಬೇಯಿಸಿಕೊಳ್ಳುತ್ತಿದ್ದರು. ಮೇಜಿನ ಮೇಲಿನ ಉಪ್ಪು ಮೆಣಸಿನ ಕುಡಿಕೆಗಳಿಗೆ ಆಕೆ ಬೇರೆಯಾಗಿಯೇ ಕಾಸು ಹಿಡಿಯುತ್ತಿದ್ದಳೆಂದು ಹಾಸ್ಯವುಂಟು. ೧೮೯೪ರಲ್ಲಿ ಅಲ್ಲಿ ೫೧೮ ಅಡಿಯ ಉಕ್ಕಿನ ಗೋಪುರ ಎದ್ದಿತು. ವೈದ್ಯನ ಚೀಟಿಯಿಲ್ಲದೆ ಕಡಲಿಗೆ ಬಂದವರು ಇವರು. ಕೈಯಲ್ಲಿದ್ದುದು ಒಂದೇ ವಾರ. ಕೂಲಿಯೊಡನೆ ರಜ ಕೊಡುವ ಕಾನೂನು ಬಂದುದು ೧೯೩೮ರಲ್ಲಿ; ಅದೂ ಎಲ್ಲರಿಗೂ ಕಡ್ಡಾಯವಾಗಿರಲಿಲ್ಲ.

ಇಷ್ಟು ಜನ ಸೇರಿದರೆ ಊರಿನ ಕೊಳಚೆ ಎಲ್ಲಿಗೆ ಹೋಗಬೇಕು? ಕೊಳವೆಗಳ ಮೂಲಕ ಕಡಲಿಗೇ ಹೋಯಿತು. ಯೂರೋಪಿನ ರಾಷ್ಟ್ರಗಳ ಒಕ್ಕೂಟ ೧೯೭೬ರಲ್ಲಿ ಮೀಯುವ ನೀರಿನ ಶುದ್ಧಿಗೆ ನಿಯಮ ಮಾಡಿ, ಹೆಚ್ಚು ಜನ ವಾಡಿಕೆಯಾಗಿ ಮೀಯುವ ದಂಡೆಗಳನ್ನು ಗುರುತಿಸಿರೆಂದಿತು. ಬ್ರಿಟನ್ ೧೯೭೯ರಲ್ಲಿ ಗುರುತಿಸಿದ್ದು ೨೭ ಮಾತ್ರ. ಕಡಲೇ ಇಲ್ಲದ ಲಕ್ಸೆಂಬರ್ಗ್ ತನ್ನ ಹೊಳೆಕೆರೆಗಳಲ್ಲಿ ಅದಕ್ಕಿಂತ ಹೆಚ್ಚನ್ನು ಗುರುತಿಸಿತ್ತು! ಬ್ಲ್ಯಾಕ್‌ಪೂಲ್ ಆ ೨೭ರಲ್ಲಿ ಇರಲಿಲ್ಲ. ಲಕ್ಷಗಟ್ಟಲೆ ಜನ ಬರುವ ದಂಡೆಯನ್ನು ಸ್ನಾನದ ದಂಡೆಯಲ್ಲವೆಂದು ಬಿಟ್ಟುದು ಖರ್ಚು ತಪ್ಪಿಸುವ ಜಾಣತನವಲ್ಲದೆ ಮತ್ತೇನೂ ಅಲ್ಲವೆಂದು ನನ್ನ ಎಣಿಕೆ. ವ್ಯಾಜ್ಯ ಯೂರೋಪಿನ ನ್ಯಾಯಾಲಯಕ್ಕೆ ಹೋಗಿ, ೧೯೯೩ರಲ್ಲಿ ಬ್ಲ್ಯಾಕ್‌ಪೂಲ್, ಸೌತ್‌ಪೋರ್ಟ್‌ಗಳ ನೀರಿನ ವಿಷಯದಲ್ಲಿ ಬ್ರಿಟನ್ ತಪ್ಪಿತಸ್ಥವೆಂದು ತೀರ್ಪಾಯಿತು. ಆಮೇಲೆ ಶುದ್ಧೀಕರಣಕ್ಕೆ ಬಹಳ ಹಣ ಸುರಿದರು. ಇಂದು ಗುರುತಿಸಿದ ಪ್ರತಿಯೊಂದು ದಂಡೆಯಲ್ಲಿಯೂ ನೀರಿನ ದರ್ಜೆಯನ್ನು ತಿಳಿಸುವ ಫಲಕವಿದೆ, ದರ್ಜೆಗಳು ನಾಲ್ಕು. ದೊಡ್ಡ ಮಳೆ ಬಂದಾಗ ಚರಂಡಿ ತುಂಬಿ ಕಡಲಿಗೆ ಹರಿಯುವುದು ಮಾತ್ರ ನಿಂತಿಲ್ಲ. ಅದರ ಮೇಲಿನ ಕೂಗೂ ನಿಂತಿಲ್ಲ. ದಂಡೆ ಚೊಕ್ಕಟವಿರಲಿ, ನದಿಯ ಬಾಯಿ ದೂರವಿರಲಿ ಎಂದ ರಸಲ್ಲನ ಮಾತು, ಆತನಿಗೆ ಗೊತ್ತಿಲ್ಲದ ಕಾರಣಗಳಿಂದ ಸರಿಯಾಗಿತ್ತು.

ಇನ್ನು ಆ ಮಾವ ಅಳಿಯಂದಿರ ಜಗಳದ ಊರುಗಳು. ಕ್ರೋಮರಿಗೆ ೧೮೭೭ರಲ್ಲಿ ರೈಲು ಬಂದು ೧೩೦ ಮೈಲಿಯ ಕಷ್ಟ ಹಗುರಾಯಿತು. ಸೌತ್‌ಎಂಡಿಗೆ ಅದಕ್ಕೆ ಮೊದಲೇ, ೧೮೫೬ರಲ್ಲಿ, ಬಂದಿತ್ತು. ಲಂಡನ್ನಿನ ಬಡವರು ಹತ್ತಿರದ್ದನ್ನೇ ಹಿಡಿದರು. ಆದರೆ ಕೆಸರನ್ನು ರೈಲು ಸಾಗಿಸಲಾರದಷ್ಟೆ. ಇಳಿತದ ಹೊತ್ತಿಗೆ ಅಲ್ಲಿ ಕಡಲು ಸುಮಾರು ಒಂದು ಮೈಲಿ ಹಿಂದೆ ಸರಿಯುತ್ತದೆ. ಹಡಗುಗಳು ದಂಡೆ ಮುಟ್ಟಲಾರದೆ, ಊರಿನವರು ೧೮೩೦ರಲ್ಲಿ ಮರದ ಸೇತುವೆಯೊಂದನ್ನು ಕಡಲಿನೊಳಕ್ಕೆ ಚಾಚಿದರು. ಬೆಳೆಸುತ್ತ ಬೆಳೆಸುತ್ತ ಅದೀಗ ಒಂದೂಕಾಲು ಮೈಲಿಗಿಂತಲೂ ಉದ್ದವಾಗಿದೆ. ನಡೆಯಲಾರದವರಿಗೆ ಮೇಲೊಂದು ಪುಟ್ಟ ರೈಲೂ ಓಡುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಇಳಿತದ ಹೊತ್ತಿನಲ್ಲಿ ಅದರಲ್ಲಿ ಹೊರಟರೆ, ಕಡಲು ಸಿಕ್ಕುವವರೆಗೂ ಎರಡು ಪಕ್ಕಗಳಲ್ಲಿ ಕಾಣುವುದು ಅದೇ ಕೆಸರು.