ಘಟ್ಟ ಹತ್ತಿ ಬಂದವರು

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳದ ಕಡೆಗೆ ಇಳಿಯುವ ಪ್ರಯಾಣಿಕರು ಇಂದಿಗೂ ಒಂದು ಸ್ಥಳವನ್ನು ‘ಎಸ್.ಕೆ. ಬಾರ್ಡರ್’ ಎಂದೇ ಕರೆಯುತ್ತಾರೆ. ಸೌತ್ ಕೆನರಾ ಜಿಲ್ಲೆಯು ಮದರಾಸಿಗೂ ಶೃಂಗೇರಿ ಕೊಪ್ಪಗಳು ಮೈಸೂರಿಗೂ ಸೇರಿದ್ದ ಕಾಲದ ಗುರುತು ಅದು. 1956ರಲ್ಲಿ ಗಡಿ ಅಳಿಯಿತು, ಹೆಸರು ಉಳಿಯಿತು. ಆ ಗಡಿಯನ್ನೂ, ಅದರ ಉತ್ತರಕ್ಕಿರುವ ಆಗುಂಬೆಯ ಘಟ್ಟವನ್ನೂ ತಲೆಯ ಮೇಲೊಂದು ಬಟ್ಟೆಯ ಗಂಟನ್ನಿಟ್ಟುಕೊಂಡು, ಉದ್ಯೋಗವನ್ನರಸುತ್ತ ಕಾಲ್ನಡಿಗೆಯಲ್ಲಿ ಏರಿ ದಾಟಿದ ಅಸಂಖ್ಯ ಜನರ ಚರಿತ್ರೆಯನ್ನು ಯಾವ ಶಾಸನವೂ ಹೇಳುವುದಿಲ್ಲ. ಆದರೂ ಕೆಲಸಕ್ಕಾಗಿ ಬಹುಕಾಲ ಕಾದು ಮನಗುಂದಿರುವ ಇಂದಿನ ತರುಣರಿಗೆ ಆ ಚರಿತ್ರೆಯಷ್ಟು ಹತ್ತಿರದ್ದು ಮತ್ತೊಂದಿಲ್ಲ.

ಘಟ್ಟದ ಮೇಲೆ ಕೆಲಸವಿತ್ತು, ಮಾಡುವ ಕೈಗಳು ಸಾಲದಾಗಿದ್ದವು. ಮಲೇರಿಯಾ ಜ್ವರವು ಮಲೆನಾಡನ್ನು ಹಿಂಡುತ್ತಿದ್ದ ಆ ದಿನಗಳಲ್ಲಿ ಕೊಪ್ಪ, ಶೃಂಗೇರಿ, ಹಾಗೂ ಮೊದಲು ಎಡೇಹಳ್ಳಿಯೆನಿಸಿ ಬಳಿಕ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರ, ಈ ಸೀಮೆಗಳ ಅಡಿಕೆ ಕಾಫಿ ತೋಟಗಳು ಘಟ್ಟದ ಕೆಳಗಣ ಆಳುಗಳನ್ನು ಬಹುವಾಗಿ ನೆಚ್ಚಿಕೊಂಡಿದ್ದವು. ಕಾಫಿಯ ಪ್ರಯೋಗಕ್ಕಾಗಿ ಮೈಸೂರು ಸರ್ಕಾರವು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿಯೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಿರವಾಗಿಯೂ ಕೇಂದ್ರವನ್ನು ತೆರೆದುದರಿಂದ ಆ ಬೆಳೆಯ ಮಹತ್ತ್ವವನ್ನು ಊಹಿಸಬಹುದು.

ಆದರೆ ಆ ಕೆಲಸವೆಲ್ಲ ಋತುವಿಗೆ ಅಧೀನ. ಅಡಿಕೆಯ ಕೊಯ್ಲು ಮಳೆ ಹಿಂಜರಿದ ಮೇಲೆ; ಕಾಫಿಯ ಹಣ್ಣು ಚಳಿಗಾಲಕ್ಕೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ಆಚೆ ಈಚೆ, ನಾಟಿ ಮುಗಿದ ಬಳಿಕ ದುಡಿಯುವವನಿಗೆ ಕಾಯುವುದೇ ಕೆಲಸವಾಗುತ್ತಿತ್ತು. ಈ ಕಾಲವನ್ನು ಘಟ್ಟದ ಕೆಳಗಣ ತುಳುವರು ‘ಆಟಿ’ ಎಂದರು. ಬೇಸಿಗೆಯಲ್ಲಿಯೇ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿ, ಬೀಜವನ್ನು ಬೇಯಿಸಿ ಒಣಗಿಸಿ ‘ಸಾಂತಾಣಿ’ ಮಾಡಿ ಕೂಡಿಡುತ್ತಿದ್ದರು. ತಗತೆಯ ಸೊಪ್ಪು, ಕಳಲೆಗಳಿಂದ ಹೊಟ್ಟೆ ಹೊರೆಯುತ್ತಿದ್ದರು. ತೆಂಗಿನ ಎಳೆಗರಿಯುಟ್ಟ ಆಟಿ ಕಳಂಜನು ಮನೆಮನೆಗೆ ಬಂದು ಕುಣಿದು ಊರಿನ ಮಾರಿಯನ್ನು ಕಳೆಯುತ್ತಿದ್ದನು. ಕೆಲಸವಿಲ್ಲದ ತಿಂಗಳನ್ನು ಅವರು ತಮ್ಮ ಅಯೋಗ್ಯತೆಯೆಂದು ಎಣಿಸಲಿಲ್ಲ. ಅದಕ್ಕೊಂದು ಹೆಸರಿಟ್ಟು, ಒಂದು ಅಡುಗೆಯನ್ನು ಕಲ್ಪಿಸಿ, ಒಂದು ಕುಣಿತವನ್ನು ಕೂಡಿಸಿ, ವರ್ಷದ ಹನ್ನೆರಡರಲ್ಲಿ ಅದನ್ನೂ ಒಂದಾಗಿ ಬಾಳಿದರು.

ಕೂಡಿಟ್ಟುದು ಮುಗಿದುಹೋದ ಮನೆಯ ಕಥೆ ಬೇರೆ. ಹಂಗಾಮಿಗೆ ಮುನ್ನ ಆಳುಗಳನ್ನು ಕೂಡಿಸಲು ಬರುತ್ತಿದ್ದ ಸೇರೆಗಾರನ ಕೈಯಲ್ಲಿ ಮುಂಗಡದ ಹಣವಿರುತ್ತಿತ್ತು. ಹಸಿದವನಿಗೆ ಆ ಹಣವೇ ಅನ್ನ, ಆ ಹಣವೇ ಸಂಕೋಲೆ. ಮುಂಗಡ ಪಡೆದು ಕೆಲಸ ತೊರೆದವನನ್ನು ಅಪರಾಧಿಯೆಂದು ದಂಡಿಸಲು ಬ್ರಿಟಿಷ್ ಆಡಳಿತವು 1859ರಲ್ಲಿ ಮಾಡಿದ ಕಾಯ್ದೆಯು ರದ್ದಾಗಲು 1925ರವರೆಗೆ ಕಾಯಬೇಕಾಯಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಸೇರೆಗಾರನಿಗೂ ಆಳುಗಳಿಗೂ ಸ್ಥಾನವಿತ್ತುದು, ಕಣ್ಣೆದುರಿನ ಆ ಲೋಕವನ್ನು ಕಂಡೇ.

ಇಷ್ಟಾದರೂ ಆ ಜನರು ಆತ್ಮವಿಶ್ವಾಸವನ್ನು ನೀಗಿಕೊಳ್ಳದಿದ್ದುದಕ್ಕೆ ಕಾರಣ ಅವರ ಕೈಯಲ್ಲಿತ್ತು. ಅಡಿಕೆ ಸುಲಿಯುವ ರಾತ್ರಿಯನ್ನು ನೆನೆಯಿರಿ: ಸೀಮೆಎಣ್ಣೆಯ ದೀಪದ ಸುತ್ತ ಹೆಂಗಸರು ಸಾಲಾಗಿ ಕುಳಿತು, ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ, ಹಸಿರು ಕಾಯನ್ನು ಅಲಗಿಗೆ ತಾಗಿಸಿ ತಿರುವಿದರೆ ಸಿಪ್ಪೆ ಒಂದೆಡೆಗೆ, ಬೆರಳು ಕೊಯ್ಯದೆ ಅಡಿಕೆ ಇನ್ನೊಂದೆಡೆಗೆ. ಬೆರಳುಗಳಿಗೆ ಹತ್ತಿದ ಕಪ್ಪು ಕರೆ ವಾರಗಟ್ಟಲೆ ಹೋಗುತ್ತಿರಲಿಲ್ಲ. ಒಂದೇ ಹಂಗಾಮಿನಲ್ಲಿ ಬರುವ ವಿದ್ಯೆಯಲ್ಲ ಅದು. ಒಮ್ಮೆ ಬಂದ ಮೇಲೆ ಯಾವ ಮಳೆಗಾಲವೂ ಅದನ್ನು ಕಸಿದುಕೊಳ್ಳಲಾರದು.

ಕೆಲಸದ ರೂಪವೂ ಬದಲಾಗದೆ ಇರಲಿಲ್ಲ. ಅಡಿಕೆಗೆ ಕೊಳೆರೋಗ ತಾಗದಂತೆ ಮರವೇರಿ ಗೊನೆಗೊನೆಗೂ ಕೊಟ್ಟೆಯ ಹೊದಿಕೆ ಕಟ್ಟುವುದು ಹಳೆಯ ಪದ್ಧತಿ. 1908ರಲ್ಲಿ ಮೈಸೂರಿಗೆ ಬಂದ ಕೃಷಿವಿಜ್ಞಾನಿ ಲೆಸ್ಲಿ ಕೋಲ್‌ಮನ್ ಆ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದ ಮೇಲೆ, ಕೊಟ್ಟೆಯ ಕೆಲಸ ಕ್ರಮೇಣ ಕುಗ್ಗಿ ಔಷಧಿ ಹೊಡೆಯುವ ಕೆಲಸ ಬೆಳೆಯಿತು. ಆದರೆ ಅದಕ್ಕೂ ಮರವೇರಲು ಬಲ್ಲವನೇ ಬೇಕಾಗಿತ್ತು. ಹೀಗೆ ಒಂದು ಕೆಲಸದ ಹೆಸರು ಅಳಿದರೂ ಅದರಲ್ಲಿ ಪಳಗಿದ ಕಾಲ್ಬಲ ಮತ್ತೊಂದಕ್ಕೆ ಒದಗಿತು.

ಇಂದು ಪ್ರವಾಹ ತಿರುಗಿದೆ. ಇದೇ ಊರುಗಳ ಮಕ್ಕಳು ಪದವಿಪತ್ರವನ್ನು ಹಿಡಿದು ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಹತ್ತು ಕಡೆ ಅರ್ಜಿ ಹಾಕಿ, ಉತ್ತರ ಬಾರದೆ, ತಮ್ಮಲ್ಲಿಯೇ ಏನೋ ಕೊರತೆಯಿದೆಯೆಂದು ಕೊರಗುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಇದು ನಿಮ್ಮ ಆಟಿ ತಿಂಗಳು, ಕಲಿತುದನ್ನು ಮಸೆಯುತ್ತಿರಿ, ಜೊತೆಯವರನ್ನು ಬಿಡದಿರಿ, ಹಸಿವಿನ ಅವಸರದಲ್ಲಿ ಕಂಡ ಕಾಗದಕ್ಕೆಲ್ಲ ರುಜು ಹಾಕದಿರಿ. ಆದರೆ ಕಾಯುವವನ ಧೈರ್ಯ ಅವನೊಬ್ಬನ ಗುಣವಲ್ಲ. ಮನೆಯವರು ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜವೂ ಅದರಲ್ಲಿ ಪಾಲುಗೊಂಡಿದೆ. ಆದುದರಿಂದ ಕೆಲಸ ಅರಸುತ್ತಿರುವ ಮಗನೋ ಮಗಳೋ ಇರುವ ಮನೆಯ ಹಿರಿಯರು, “ಕೆಲಸ ಆಯಿತೇ?” ಎಂದು ದಿನವೂ ಕೇಳುವುದನ್ನು ಬಿಟ್ಟು, ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಊಟಕ್ಕಿಡಲಿ.